ದಾದಿಗೆ ಕುರ್ಚಿಯಿಲ್ಲದ ಮಂಡಳಿ

ಕ್ಲೆಮೆಂಟಿಯಲ್ಲಿ ನಾವಿರುವ ವಸತಿ ಕಟ್ಟಡದ ನೆಲಮಹಡಿಯಲ್ಲಿ ಒಂದು ಸಣ್ಣ ಕ್ಲಿನಿಕ್ಕಿದೆ. ನೆಗಡಿ, ಜ್ವರ, ಮಕ್ಕಳ ಚುಚ್ಚುಮದ್ದು, ಕಚೇರಿಗೆ ಒಪ್ಪಿಸಬೇಕಾದ ರಜೆಚೀಟಿ ಇವೇ ಅಲ್ಲಿನ ನಿತ್ಯದ ವ್ಯವಹಾರ. ಕೆಲವು ತಿಂಗಳ ಹಿಂದೆ ಒಂದು ಶನಿವಾರ ನಾನು ಅಲ್ಲಿಗೆ ಹೋದದ್ದು ಕಾಯಿಲೆಯ ಕಾರಣಕ್ಕಲ್ಲ, ಒಂದು ಸಹಿಗಾಗಿ. ಸಿಂಗಪುರದ ಸಂಸತ್ತು 1996ರಲ್ಲಿ ಅಂಗೀಕರಿಸಿದ ಮುಂಗಡ ವೈದ್ಯಕೀಯ ನಿರ್ದೇಶನ ಕಾಯ್ದೆಯ ಪ್ರಕಾರ 21 ವರ್ಷ ತುಂಬಿದ, ಬುದ್ಧಿ ಸ್ತಿಮಿತದಲ್ಲಿರುವ ಯಾರೇ ಆಗಲಿ, ತಾನು ಗುಣವಾಗದ ಕಾಯಿಲೆಯ ಕೊನೆಯ ಘಟ್ಟದಲ್ಲಿ ಪ್ರಜ್ಞೆಯಿಲ್ಲದೆ ಮಲಗಿದಾಗ ಸಾವನ್ನು ಬರಿದೇ ಮುಂದೂಡುವ ಯಂತ್ರಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡಬಹುದು. ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಅವರಲ್ಲಿ ಒಬ್ಬರು ವೈದ್ಯರಾಗಿರಬೇಕು. ಇಬ್ಬರಿಗೂ ನಮ್ಮ ಆಸ್ತಿಯಲ್ಲಿ ಪಾಲಿರಬಾರದು.

ವೈದ್ಯರು ಅರವತ್ತು ದಾಟಿದವರು. ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಯಾರಾದರೂ ಒತ್ತಾಯ ಮಾಡಿದ್ದಾರೆಯೇ, ಇದರ ಅರ್ಥ ತಿಳಿದಿದೆಯೇ ಎಂದು ಕಾನೂನು ಕೇಳಿಸುವ ಪ್ರಶ್ನೆಗಳನ್ನು ಕೇಳಿದರು. ಆಮೇಲೆ ಕಾಗದದಲ್ಲಿಲ್ಲದ ಒಂದು ಪ್ರಶ್ನೆ: ‘ಮನೆಯವರಿಗೆ ಹೇಳಿದ್ದೀರಾ?’ ಇನ್ನೂ ಇಲ್ಲವೆಂದೆ. ‘ಹೇಳಿಬಿಡಿ. ಇಲ್ಲವಾದರೆ ಜಗಳ ನಡೆಯುವುದು ನಿಮ್ಮ ಹಾಸಿಗೆಯ ಪಕ್ಕದಲ್ಲಿ. ಆ ಜಗಳದ ನಡುವೆ ನಿಂತಿರುವವಳು ರಾತ್ರಿಪಾಳಿಯ ನರ್ಸ್’ ಎಂದು ಹೇಳಿ ಸಹಿ ಮಾಡಿದರು.

ಲಿಫ್ಟಿನಲ್ಲಿ ಮೇಲೆ ಬರುವಾಗ ನನಗೆ ನೆನಪಾದವಳು 2019ರ ಮಳೆಗಾಲದಲ್ಲಿ ತೀರ್ಥಹಳ್ಳಿಯ ಕಡೆಯ ನಮ್ಮ ಮನೆಗೆ ಬಂದುಹೋದ ಒಬ್ಬ ದಾದಿ. ಅವಳ ಹೆಸರು ನನಗೆ ಇಂದಿಗೂ ಗೊತ್ತಿಲ್ಲ.

ಅಪ್ಪನಿಗೆ ಆಗ ಎಪ್ಪತ್ತೆಂಟು. ಮೆದುಳಿನಲ್ಲಿ ರಕ್ತಸ್ರಾವವಾಗಿ ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹನ್ನೊಂದು ದಿನ ವೆಂಟಿಲೇಟರಿನಲ್ಲಿದ್ದರು. ತಮ್ಮ ಫೋನು ಮಾಡಿ, ‘ಅಕ್ಕಾ, ಡಾಕ್ಟ್ರು ನಿನ್ನ ಹತ್ರಾನೇ ಮಾತಾಡ್ಬೇಕಂತೆ’ ಎಂದ. ವೈದ್ಯರು ಅಪ್ಪನ ಸ್ಥಿತಿಯನ್ನು ವಿವರಿಸಿದರು. ಆಸೆ ಇಲ್ಲ ಎಂಬ ಒಂದು ಮಾತನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳಿದರು. ನಾನು ಇಲ್ಲಿಂದ, ಎರಡೂವರೆ ಗಂಟೆ ಮುಂದಿರುವ ಗಡಿಯಾರದ ಕೆಳಗೆ ಕುಳಿತು, ‘ಏನೇನು ಸಾಧ್ಯವೋ ಎಲ್ಲಾ ಮಾಡಿ’ ಎಂದೆ. ಅವರು ಮಾಡಿದರು. ಮತ್ತೆ ಮೂರು ದಿನ ಕಳೆದ ಮೇಲೆ ಅದೇ ವೈದ್ಯರು ತಮ್ಮನಿಗೆ ‘ಮನೆಗೆ ಕರ್ಕೊಂಡು ಹೋಗೋದಾದ್ರೆ ಹೋಗ್ಬಹುದು’ ಎಂದರು. ವೈದ್ಯರ ಸಲಹೆಗೆ ವಿರುದ್ಧವಾಗಿ ರೋಗಿಯನ್ನು ಕರೆದೊಯ್ಯುತ್ತಿದ್ದೇವೆ ಎಂಬ ಅಚ್ಚಾದ ನಮೂನೆಗೆ ತಮ್ಮ ಸಹಿ ಹಾಕಿದ. ಸಲಹೆ ಕೊಟ್ಟವರು ಅವರೇ, ಸಲಹೆಯನ್ನು ಮೀರಿದವರೆಂದು ಬರೆದುಕೊಟ್ಟವರು ನಾವು.

ಆಂಬುಲೆನ್ಸಿನಲ್ಲಿ ಒಬ್ಬ ದಾದಿಯನ್ನು ಕಳುಹಿಸಿದ್ದರು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ಗಾಳಿಯ ಚೀಲವನ್ನು ಕೈಯಿಂದ ಒತ್ತುತ್ತ ಒತ್ತುತ್ತ ಎರಡು ಗಂಟೆಯ ದಾರಿಯುದ್ದಕ್ಕೂ ಅಪ್ಪನನ್ನು ಉಸಿರಾಡಿಸಿಕೊಂಡು ಬಂದಳು. ಜಗಲಿಯಲ್ಲಿ ಮಲಗಿಸಿದರು. ಅಮ್ಮ ಬಾಯಿಗೆ ತುಳಸಿನೀರು ಬಿಡುವವರೆಗೂ ಕಾದು, ಚಿಕ್ಕಪ್ಪಂದಿರೆಲ್ಲ ಹಣೆ ಮುಟ್ಟುವವರೆಗೂ ಕಾದು, ಆಮೇಲೆ ಗಂಟಲಿನ ಕೊಳವೆಯನ್ನು ತೆಗೆದಳು. ತಮ್ಮ ಕಾಫಿ ಕೊಟ್ಟನಂತೆ, ಕುಡಿಯಲಿಲ್ಲವಂತೆ. ಹೊರಡುವಾಗ ಅವನೊಬ್ಬನನ್ನೇ ಅಂಗಳಕ್ಕೆ ಕರೆದು, ‘ನಾನೇ ತೆಗ್ದೆ ಅಂತ ಯಾರಿಗೂ ಹೇಳ್ಬೇಡಿ ಅಣ್ಣಾ’ ಎಂದಳಂತೆ. ನಾನು ಮರುದಿನ ಊರು ತಲುಪಿದಾಗ ಅವನು ಮೊದಲು ಹೇಳಿದ್ದು ಅಪ್ಪನ ವಿಷಯವನ್ನಲ್ಲ, ಈ ಮಾತನ್ನು.

ಇಷ್ಟನ್ನು ಹೇಳಿಕೊಂಡದ್ದು ಒಬ್ಬ ಸತ್ತವರ ಮಗಳಾಗಿ ಮಾತ್ರವಲ್ಲ. ಸಾವಿನ ಹಕ್ಕಿನ ಬಗೆಗೆ ನಮ್ಮಂಥ ಪ್ರಗತಿಪರರು ಮಾತನಾಡುವಾಗ ನಮ್ಮ ಕಣ್ಣು ಸಾಮಾನ್ಯವಾಗಿ ಇಬ್ಬರ ಮೇಲಿರುತ್ತದೆ: ಒಂದು ಕಡೆ ರೋಗಿ, ಇನ್ನೊಂದು ಕಡೆ ಪ್ರಭುತ್ವ. ನಡುವೆ ಮೂರನೆಯವರೊಬ್ಬರಿದ್ದಾರೆ, ಕೊಳವೆ ಹಾಕುವವರೂ ತೆಗೆಯುವವರೂ ಅವರೇ. ಅವರ ಮನಸ್ಸಿನಲ್ಲಿ ಏನಿದೆ ಎಂಬುದನ್ನು ನಾವು ಕೇಳಿಲ್ಲ.

2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಹೊರಡಿಸಿದ ಸುತ್ತೋಲೆಯನ್ನು ಹೊರನಾಡಿನ ಕನ್ನಡಿಗರಾದ ನಾವು ಹೆಮ್ಮೆಯಿಂದಲೇ ಹಂಚಿಕೊಂಡೆವು. ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಹೇಳಿತ್ತು. ಆದರೆ ಆ ತೀರ್ಪು ಹಾಕಿಕೊಟ್ಟ ವಿಧಾನ ಎಷ್ಟು ತೊಡಕಾಗಿತ್ತೆಂದರೆ, ಉಸಿರಾಟದ ಯಂತ್ರವನ್ನು ಹಿಂತೆಗೆಯುವ ಮುನ್ನ ಮ್ಯಾಜಿಸ್ಟ್ರೇಟರು ಖುದ್ದಾಗಿ ಆಸ್ಪತ್ರೆಗೆ ಬಂದು ನೋಡಬೇಕಿತ್ತು. ನಮ್ಮ ಅಪ್ಪ ಮಲಗಿದ್ದಾಗ ಇದ್ದದ್ದು ಈ ಕ್ರಮ. ಆ ಆಸ್ಪತ್ರೆಯಲ್ಲಿ ಒಬ್ಬರೂ ಅದರ ಹೆಸರೆತ್ತಲಿಲ್ಲ. ಎತ್ತಿದ್ದರೂ ಮ್ಯಾಜಿಸ್ಟ್ರೇಟರು ಬರುವ ಹೊತ್ತಿಗೆ ಏನಾಗುತ್ತಿತ್ತೆಂದು ಊಹಿಸಬಹುದು. ತೀವ್ರನಿಗಾ ವೈದ್ಯರ ರಾಷ್ಟ್ರೀಯ ಸಂಘವೇ ಇದನ್ನು ಸಡಿಲಿಸಬೇಕೆಂದು ಮತ್ತೆ ನ್ಯಾಯಾಲಯಕ್ಕೆ ಹೋಯಿತು. 2023ರ ಜನವರಿ 24ರ ಆದೇಶ ಹಾದಿಯನ್ನು ಸುಗಮಗೊಳಿಸಿತು. ಕರ್ನಾಟಕದ ಸುತ್ತೋಲೆ ಅದನ್ನೇ ಆಸ್ಪತ್ರೆಯ ಮಟ್ಟಕ್ಕೆ ಇಳಿಸಿತು.

ಈಗಿನ ಕ್ರಮ ಹೀಗಿದೆ. ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರು ಸೇರಿ ಮೊದಲ ಮಂಡಳಿ. ಜಿಲ್ಲೆಯ ಆರೋಗ್ಯಾಧಿಕಾರಿ ನಾಮನಿರ್ದೇಶನ ಮಾಡಿದ ಒಬ್ಬ ವೈದ್ಯರು ಮತ್ತು ಬೇರೆ ಇಬ್ಬರು ತಜ್ಞರು ಸೇರಿ ಎರಡನೆಯ ಮಂಡಳಿ. ಇವೆರಡೂ ಸಾಧ್ಯವಾದಷ್ಟು ಮಟ್ಟಿಗೆ 48 ಗಂಟೆಗಳೊಳಗೆ ತೀರ್ಮಾನಿಸಬೇಕು, ಕುಟುಂಬದವರು ಅಥವಾ ರೋಗಿ ಮೊದಲೇ ಹೆಸರಿಸಿಟ್ಟವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಹೋಗಬೇಕು. ಆರೋಗ್ಯವಾಗಿರುವಾಗಲೇ ಉಯಿಲಿನಂತೆ ಬರೆದಿಡುವವರು ಇಬ್ಬರು ಸಾಕ್ಷಿಗಳ ಎದುರು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಮಾಡಿದರೆ ಸಾಕು.

ಆರು ಕುರ್ಚಿಗಳು, ಆರೂ ವೈದ್ಯರಿಗೆ. ಹಗಲೂ ರಾತ್ರಿ ಆ ರೋಗಿಯ ಮೈ ಒರೆಸುವವರಿಗೆ, ಮಗ್ಗುಲು ಬದಲಿಸುವವರಿಗೆ, ಸೂಜಿ ಚುಚ್ಚಿದಾಗ ಹುಬ್ಬು ಗಂಟಿಕ್ಕಿತೋ ಇಲ್ಲವೋ ಎಂಬುದನ್ನು ಗಮನಿಸುವವರಿಗೆ ಒಂದೂ ಇಲ್ಲ. ನ್ಯಾಯಾಲಯವೂ ಅವರನ್ನು ನೆನೆಯಲಿಲ್ಲ, ಇಲಾಖೆಯೂ ನೆನೆಯಲಿಲ್ಲ, ಸುತ್ತೋಲೆಯನ್ನು ಸ್ವಾಗತಿಸಿದ ನಾವೂ ನೆನೆಯಲಿಲ್ಲ.

ಸುತ್ತೋಲೆ ಬಂದ ಮರುದಿನ ಅನೇಕ ಪತ್ರಿಕೆಗಳ ತಲೆಬರಹದಲ್ಲಿದ್ದ ಪದ ‘ದಯಾಮರಣ’. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಇದನ್ನು ದಯಾಮರಣದೊಂದಿಗೆ ಗೊಂದಲ ಮಾಡಿಕೊಳ್ಳಬಾರದೆಂದು ವಿವರಿಸಬೇಕಾಯಿತು. ಜೀವರಕ್ಷಕ ಯಂತ್ರದ ಮೇಲಿದ್ದು, ಚೇತರಿಕೆಯ ಭರವಸೆಯಿಲ್ಲದವರಿಗೆ ಆ ಯಂತ್ರವನ್ನು ಹಿಂತೆಗೆಯಬಹುದು. ಮದ್ದು ಕೊಟ್ಟು ಸಾಯಿಸುವುದು ಭಾರತದಲ್ಲಿ ಇಂದಿಗೂ ಅಪರಾಧ. ಈ ಗೊಂದಲದ ಬೆಲೆಯನ್ನು ತೆರಬೇಕಾಗಿ ಬಂದವರಲ್ಲಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಒಬ್ಬರು. ಎರಡು ದಶಕಗಳಿಗೂ ಮಿಕ್ಕಿ ಅವರು ಘನತೆಯ ಸಾವಿಗಾಗಿ ರಾಷ್ಟ್ರಪತಿಗಳಿಂದ ಹಿಡಿದು ನ್ಯಾಯಮೂರ್ತಿಗಳವರೆಗೆ ಪತ್ರ ಬರೆದರು. ಸುತ್ತೋಲೆಯ ಮೊದಲ ಫಲಾನುಭವಿ ಅವರೇ ಎಂಬಂತೆ ಸುದ್ದಿಯಾಯಿತು. ಎಂಬತ್ತೈದರ ಹರೆಯದಲ್ಲಿ ತಮ್ಮ ಮಾತನ್ನು ತಾವೇ ಆಡಬಲ್ಲ, ಯಾವ ಯಂತ್ರಕ್ಕೂ ಅಂಟಿಕೊಂಡಿರದ ಹೆಣ್ಣುಮಗಳಿಗೆ ಆ ಸುತ್ತೋಲೆಯಲ್ಲಿ ಏನೂ ಇರಲಿಲ್ಲ.

‘ದಯಾಮರಣ’ ಎಂಬ ಪದವೇ ನನಗೆ ಒಗ್ಗುವುದಿಲ್ಲ. ದಯೆ ಯಾರದು? ಕೊಡುವವರದು. ಸಾಯುವವರು ಬೇಡುವ ಕೈಯಾಗಿ, ಬಿಳಿ ಕೋಟಿನವರು ನೀಡುವ ಕೈಯಾಗಿ ಆ ಪದದೊಳಗೆ ನಿಂತುಬಿಡುತ್ತಾರೆ. ‘ಇಚ್ಛಾಮರಣ’ ಎಂದರೋ ಶರಶಯ್ಯೆಯ ಭೀಷ್ಮ ನೆನಪಾಗುತ್ತಾನೆ. ಅವನಿಗೆ ನೀರು ಕೊಡಲು ಬಾಣ ಬಿಟ್ಟವನ ಹೆಸರು ನಮಗೆ ಗೊತ್ತು, ಅಷ್ಟು ದಿನ ಅವನ ಗಾಯ ತೊಳೆದವರಾರೆಂದು ಯಾರೂ ಕೇಳುವುದಿಲ್ಲ. ಇರಲಿ.

ವೈದ್ಯರು ಹಿಂಜರಿಯುವುದೇಕೆ? ಕೇಂದ್ರ ಆರೋಗ್ಯ ಸಚಿವಾಲಯ 2024ರ ಸೆಪ್ಟೆಂಬರಿನಲ್ಲಿ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವ ಬಗೆಗೆ ಕರಡು ಮಾರ್ಗಸೂಚಿ ಪ್ರಕಟಿಸಿದಾಗ ಭಾರತೀಯ ವೈದ್ಯಕೀಯ ಸಂಘದ ಅಂದಿನ ಅಧ್ಯಕ್ಷ ಆರ್.ವಿ. ಅಶೋಕನ್ ಅದನ್ನು ವಿರೋಧಿಸಿದರು. ಇಂಥ ತೀರ್ಮಾನಗಳನ್ನು ವೈದ್ಯರು ಮೊದಲಿನಿಂದಲೂ ಸದುದ್ದೇಶದಿಂದ ಕುಟುಂಬದವರೊಡನೆ ಮಾತಾಡಿ ತೆಗೆದುಕೊಳ್ಳುತ್ತಲೇ ಬಂದಿದ್ದಾರೆ, ಈಗ ಎಲ್ಲವನ್ನೂ ಬರೆದಿಟ್ಟರೆ ಅವರು ಕಾನೂನಿನ ಕಣ್ಣಿಗೂ ಒತ್ತಡಕ್ಕೂ ಗುರಿಯಾಗುತ್ತಾರೆ ಎಂಬುದು ಅವರ ವಾದದ ತಿರುಳು. ಪ್ರಗತಿಪರರು ಇದನ್ನು ವೃತ್ತಿಯ ದರ್ಪವೆಂದು ತಳ್ಳಿಹಾಕಿದರು. ದರ್ಪ ಅದರಲ್ಲಿ ಇಲ್ಲವೆಂದು ನಾನೂ ಹೇಳಲಾರೆ. ಬರೆದಿಡದ ತೀರ್ಮಾನಕ್ಕೆ ಉತ್ತರದಾಯಿ ಯಾರೂ ಅಲ್ಲ. ಬಿಲ್ಲು ಏರುತ್ತಿರುವ ಖಾಸಗಿ ಆಸ್ಪತ್ರೆಯಲ್ಲಿ ‘ಸದುದ್ದೇಶ’ವನ್ನು ಅಳೆಯುವ ತಕ್ಕಡಿ ಎಲ್ಲಿದೆ? ಆದರೂ ಆ ವಿರೋಧದ ಒಳಗೆ ನಿಜವಾದ ಭಯವೊಂದಿದೆ. ಸಂಬಂಧಿಕರು ಗಾಜು ಒಡೆದು ಕೈಮಾಡುವ ದೇಶದಲ್ಲಿ, ಪೊಲೀಸ್ ದೂರು ಎಲ್ಲಿಂದ ಬೇಕಾದರೂ ಬರಬಹುದಾದ ಊರಿನಲ್ಲಿ, ‘ಇನ್ನು ಸಾಕು’ ಎನ್ನುವ ಮೊದಲ ಬಾಯಿ ತನ್ನದಾಗಬಾರದೆಂದು ವೈದ್ಯ ಬಯಸುವುದು ಸಹಜ. ಹೀಗೆ ಹುಟ್ಟಿಕೊಂಡದ್ದೇ ತಮ್ಮ ಸಹಿ ಹಾಕಿದ ಆ ನಮೂನೆ. ಅದರಲ್ಲಿ ವೈದ್ಯ ಏನೂ ಹೇಳಿಲ್ಲ, ಆಸ್ಪತ್ರೆ ಏನೂ ಮಾಡಿಲ್ಲ, ಮನೆಯವರೇ ಕರೆದೊಯ್ದಿದ್ದಾರೆ. ಮಾಡಬೇಕಾದದ್ದನ್ನು ಜಗಲಿಯ ಮೇಲೆ ಒಬ್ಬ ಹುಡುಗಿ ಮಾಡುತ್ತಾಳೆ.

ಈ ಭಯದಲ್ಲಿ ನಮ್ಮ ಪಾಲೂ ಇದೆ. ಅಮೆರಿಕದ ವೈದ್ಯಕೀಯ ನಿಯತಕಾಲಿಕೆಯೊಂದು 1991ರಲ್ಲಿ ಪ್ರಕಟಿಸಿದ ಬರಹವೊಂದರಿಂದ ‘ಕ್ಯಾಲಿಫೋರ್ನಿಯಾದ ಮಗಳು’ ಎಂಬ ಮಾತು ವೈದ್ಯರ ಬಾಯಲ್ಲಿ ನೆಲೆಗೊಂಡಿತು. ಹತ್ತಿರವಿದ್ದು ನೋಡಿಕೊಂಡ ಮನೆಯವರೂ ವೈದ್ಯರೂ ಮಾತಾಡಿ ಇನ್ನು ಹಿಂಸೆ ಬೇಡವೆಂಬ ನಿಲುವಿಗೆ ಬಂದಿರುವಾಗ, ವರ್ಷಗಳಿಂದ ದೂರವಿದ್ದ ಮಗಳೊಬ್ಬಳು ವಿಮಾನ ಇಳಿದು ಬಂದು, ತಪ್ಪಿತಸ್ಥ ಭಾವವನ್ನು ಸಿಟ್ಟಾಗಿ ಮಾಡಿಕೊಂಡು, ಎಲ್ಲ ಚಿಕಿತ್ಸೆಯೂ ಆಗಲೇಬೇಕೆಂದು ಹಟಹಿಡಿಯುವುದಕ್ಕೆ ಇಟ್ಟ ಹೆಸರದು. ಕ್ಯಾಲಿಫೋರ್ನಿಯಾದಲ್ಲಿ ಅವಳನ್ನೇ ನ್ಯೂಯಾರ್ಕಿನ ಮಗಳು ಎನ್ನುತ್ತಾರಂತೆ. ಮಗಳನ್ನೇ ಏಕೆ ಹೆಸರಿಸಬೇಕು, ಮಗ ಬರುವುದಿಲ್ಲವೇ ಎಂದು ತಕರಾರು ತೆಗೆಯಬಹುದು, ತೆಗೆಯಬೇಕು ಕೂಡ. ಆದರೆ 2019ರಲ್ಲಿ ಆ ಮಗಳು ಕ್ಲೆಮೆಂಟಿಯಲ್ಲಿದ್ದಳು. ‘ಎಲ್ಲಾ ಮಾಡಿ’ ಎಂಬ ನನ್ನ ಒಂದು ಮಾತಿಗೆ ಅಪ್ಪನ ಮೈಮೇಲೆ ಮೂರು ದಿನ ಏನೇನಾಯಿತೆಂಬುದನ್ನು ನೋಡಿದವರು ಐಸಿಯುವಿನ ಸಿಸ್ಟರುಗಳು, ನಾನಲ್ಲ.

ಭಾರತದಲ್ಲಿ ಈ ಚರ್ಚೆಯ ಮೂಲಕ್ಕೇ ಹೋದರೆ ಅಲ್ಲಿರುವವಳೂ ಒಬ್ಬ ದಾದಿ, ಅವಳೂ ನಮ್ಮ ನಾಡಿನವಳು. ಅರುಣಾ ಶಾನಭಾಗ ಉತ್ತರ ಕನ್ನಡ ಜಿಲ್ಲೆ ಹೊನ್ನಾವರ ತಾಲ್ಲೂಕಿನ ಹಳದೀಪುರದ ಹುಡುಗಿ. ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾದಳು. 1973ರ ನವೆಂಬರ್ 27ರ ಸಂಜೆ, ಕೆಲಸ ಮುಗಿಸಿ ಬಟ್ಟೆ ಬದಲಿಸುತ್ತಿದ್ದಾಗ, ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಕೊರಳು ಬಿಗಿದು ಅವಳ ಮೇಲೆ ಲೈಂಗಿಕ ದಾಳಿ ನಡೆಸಿದ. ಮೆದುಳಿಗೆ ಪ್ರಾಣವಾಯು ನಿಂತುಹೋಯಿತು. ಮರುದಿನ ಬೆಳಿಗ್ಗೆ ಸಿಕ್ಕವಳು ಮತ್ತೆಂದೂ ಮೊದಲಿನಂತಾಗಲಿಲ್ಲ. ಅಪರಾಧಿಗೆ ಶಿಕ್ಷೆಯಾದದ್ದು ದರೋಡೆಗೆ ಮತ್ತು ಕೊಲೆಯತ್ನಕ್ಕೆ, ಏಳು ವರ್ಷ. ಅವಳು ಮಲಗಿದ್ದು ನಲವತ್ತೊಂದೂವರೆ ವರ್ಷ, 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ.

ಆ ವರ್ಷಗಳನ್ನು ಬರಿಯ ಅಂಕಿಯಾಗಿ ಓದಿದರೆ ಏನೂ ತಿಳಿಯುವುದಿಲ್ಲ. ನಾಲ್ಕನೆಯ ವಾರ್ಡಿಗೆ ಹೊಂದಿಕೊಂಡ ಕೋಣೆಯೊಂದರಲ್ಲಿ ದಾದಿಯರ ತಲೆಮಾರುಗಳೇ ಅವಳನ್ನು ಸರದಿಯ ಮೇಲೆ ನೋಡಿಕೊಂಡವು. ಅವಳೊಡನೆ ಕೆಲಸ ಮಾಡಿದವರು ನಿವೃತ್ತರಾದರು. ಅವಳು ಬಿದ್ದಾಗ ಹುಟ್ಟಿಯೇ ಇರದಿದ್ದವರು ಬಂದು ಅವಳಿಗೆ ಉಣಿಸಿದರು. ನುಣ್ಣಗೆ ಮಾಡಿದ ಊಟವನ್ನು ಬಾಯಿಗಿಡುತ್ತಿದ್ದರು. ಮೀನು ಅವಳಿಗಿಷ್ಟ ಎಂದು ಅವರಿಗೆ ಗೊತ್ತಿತ್ತು. ಅಷ್ಟು ವರ್ಷ ಹಾಸಿಗೆ ಹಿಡಿದವಳ ಬೆನ್ನಿನಲ್ಲಿ ಹುಣ್ಣಾಗದಂತೆ ಕಾಯ್ದರು. ಶುಶ್ರೂಷೆಯ ಕೆಲಸ ಬಲ್ಲವರಿಗೆ ಈ ಒಂದು ವಾಕ್ಯದ ಅರ್ಥ ತಿಳಿದಿದೆ: ಪ್ರತಿ ಕೆಲವು ಗಂಟೆಗೊಮ್ಮೆ, ಹಗಲು ರಾತ್ರಿ, ದೀಪಾವಳಿಯಂದೂ ಮುಷ್ಕರದಂದೂ ಮಗ್ಗುಲು ಬದಲಿಸಬೇಕು. ಎಂಬತ್ತರ ದಶಕದಲ್ಲಿ ಮುಂಬಯಿ ಮಹಾನಗರಪಾಲಿಕೆ ಹಾಸಿಗೆ ತೆರವಾಗಲೆಂದು ಅವಳನ್ನು ಬೇರೆಡೆಗೆ ಸಾಗಿಸಲು ಹೊರಟಾಗ ದಾದಿಯರು ಪ್ರತಿಭಟಿಸಿದರು, ಪಾಲಿಕೆ ಹಿಂದೆ ಸರಿಯಿತು.

ಪತ್ರಕರ್ತೆ ಪಿಂಕಿ ವಿರಾನಿ ಅವಳ ಬದುಕನ್ನು ಪುಸ್ತಕವಾಗಿ ಬರೆದವರು. ಅವಳಿಗೆ ಬಲವಂತವಾಗಿ ಉಣಿಸುವುದನ್ನು ನಿಲ್ಲಿಸಿ ಸಾಯಲು ಬಿಡಿ ಎಂದು ಅವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಅದರ ಹಿಂದಿದ್ದ ಕಳಕಳಿಯನ್ನು ನಾನು ಸಂದೇಹಿಸುವುದಿಲ್ಲ. ಆದರೆ ಆಸ್ಪತ್ರೆಯ ದಾದಿಯರೂ ವೈದ್ಯರೂ ಒಕ್ಕೊರಲಿನಿಂದ ಬೇಡವೆಂದರು. 2011ರ ಮಾರ್ಚ್ 7ರಂದು ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅವರ ಪೀಠ ನೀಡಿದ ತೀರ್ಪನ್ನು ಇಂದು ನಾವು ನೆನೆಯುವುದು ಚಿಕಿತ್ಸೆಯನ್ನು ಹಿಂತೆಗೆಯುವುದಕ್ಕೆ ಭಾರತದಲ್ಲಿ ಮೊದಲ ಬಾಗಿಲು ತೆರೆದ ತೀರ್ಪೆಂದು. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತ್ತು. ಅರುಣಾಳ ಪರವಾಗಿ ಮಾತನಾಡುವ ಆಪ್ತರು ಪುಸ್ತಕ ಬರೆದವರಲ್ಲ, ಇಷ್ಟು ವರ್ಷ ನೋಡಿಕೊಂಡ ಕೆಇಎಂ ಸಿಬ್ಬಂದಿ. ಅವರು ಮುಂದೊಂದು ದಿನ ಮನಸ್ಸು ಬದಲಿಸಿದರೆ ಅವರೇ ಬಾಂಬೆ ಹೈಕೋರ್ಟಿಗೆ ಹೋಗಬಹುದು ಎಂದಿತ್ತು. ಅಂದು ಆಸ್ಪತ್ರೆಯಲ್ಲಿ ದಾದಿಯರು ಸಿಹಿ ಹಂಚಿದರು.

ಸಿಹಿ ಹಂಚಿದ ಸುದ್ದಿಯನ್ನು ಓದಿ ನಾನು ಮುಜುಗರಪಟ್ಟಿದ್ದೆ. ಆಗ ವಿದೇಶದಲ್ಲಿ ಸಂಶೋಧನೆ ಮಾಡುತ್ತಿದ್ದ ನನಗೆ ಅದು ಭಾವುಕತೆಯಾಗಿ, ಒಬ್ಬಳ ಸ್ವಾಯತ್ತತೆಯ ಮೇಲೆ ಒಂದು ಸಂಸ್ಥೆಯ ಮಮಕಾರದ ಗೆಲುವಾಗಿ ಕಂಡಿತ್ತು. ಇಂದು ಅಷ್ಟು ಸರಳವಾಗಿ ಕಾಣುವುದಿಲ್ಲ. ಮಮಕಾರ ಒಡೆತನವಾಗಬಲ್ಲದು ಎಂಬ ಅನುಮಾನ ನನಗೆ ಹೋಗಿಲ್ಲ. ಅರುಣಾ ತಾನು ಏನು ಬಯಸುತ್ತಿದ್ದಳೆಂದು ಯಾರಿಗೂ ಗೊತ್ತಿರಲಿಲ್ಲ, ದಾದಿಯರಿಗೂ. ಆದರೆ ಅವರ ನಿಲುವು ಮತದ ಕಟ್ಟಳೆಯಿಂದ ಬಂದದ್ದಲ್ಲ, ಕಾನೂನಿನ ಭಯದಿಂದ ಬಂದದ್ದೂ ಅಲ್ಲ. ನಾಳೆ ಬೆಳಿಗ್ಗೆಯ ಪಾಳಿಯಲ್ಲಿ ಅವಳಿಗೆ ಉಣಿಸದೆ ಸುಮ್ಮನೆ ಕೂರಬೇಕಾದವರು ತಾವೇ ಎಂಬ ತಿಳಿವಿನಿಂದ ಬಂದದ್ದು. ಅದನ್ನು ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಅದು ಸಾಕ್ಷ್ಯವೆಂದು ಎಣಿಸಲ್ಪಡಬೇಕು ಎನ್ನುತ್ತಿದ್ದೇನೆ. 2011ರ ನ್ಯಾಯಾಲಯ ಹಾಗೆ ಎಣಿಸಿತು. 2018ರ ಹೊತ್ತಿಗೆ ಅದು ಮರೆತುಹೋಯಿತು.

ಸಾಯುವವರ ಪಕ್ಕ ಕೂರುವವರಿಗೆ ಹೆಸರಿಟ್ಟು ಸ್ಥಾನ ಕೊಟ್ಟ ಪರಂಪರೆ ನಮ್ಮಲ್ಲಿ ಇಲ್ಲದಿಲ್ಲ. ಜೈನರ ಸಲ್ಲೇಖನದ ವಿಧಾನದಲ್ಲಿ ವ್ರತ ಹಿಡಿದವರನ್ನು ಕೊನೆಯವರೆಗೆ ನೋಡಿಕೊಳ್ಳುವವರನ್ನು ನಿರ್ಯಾಪಕರೆಂದು ಕರೆದಿದ್ದಾರೆ. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳು ಅಲ್ಲಿ ದೇಹ ಬಿಟ್ಟವರ ಹೆಸರುಗಳನ್ನು ಉಳಿಸಿವೆ. ಕನ್ನಡದ ಹಳೆಯ ಗದ್ಯಕೃತಿ ‘ವಡ್ಡಾರಾಧನೆ’ಯಲ್ಲಿ ಇಂಥ ಸಾವುಗಳದೇ ಕಥೆಗಳಿವೆ. ರಾಜಸ್ಥಾನ ಹೈಕೋರ್ಟು 2015ರ ಆಗಸ್ಟಿನಲ್ಲಿ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ನಿಷೇಧಿಸಿದ್ದೂ, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿದ್ದೂ ಓದುಗರಿಗೆ ನೆನಪಿರಬಹುದು. ಆಸ್ಪತ್ರೆಯ ಸಾವಿಗೆ ಈ ವ್ರತವನ್ನು ಮಾದರಿಯಾಗಿಸಬೇಕೆಂದು ನಾನು ವಾದಿಸುತ್ತಿಲ್ಲ. ಆರೈಕೆ ಮಾಡುವವರ ಪಾತ್ರವನ್ನು ಗುರುತಿಸುವಷ್ಟು ವ್ಯವಧಾನ ಆ ಕಾಲಕ್ಕಿತ್ತು ಎಂದಷ್ಟೇ.

ಸಕ್ರಿಯವಾಗಿ ಸಾವಿಗೆ ನೆರವಾಗುವ ಕಾನೂನುಗಳಿರುವ ದೇಶಗಳಲ್ಲಿ ನಮ್ಮ ಓದುಗರಲ್ಲಿ ಅನೇಕರು ನೆಲೆಸಿದ್ದಾರೆ. ಕೆನಡಾದಲ್ಲಿ 2016ರಿಂದ, ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2019ರಿಂದ, ನ್ಯೂಜಿಲೆಂಡಿನಲ್ಲಿ 2021ರಿಂದ ಇದು ಸಾಧ್ಯವಾಗಿದೆ. ಕೆನಡಾದಲ್ಲಿ ಹೆಚ್ಚಿನ ತರಬೇತಿ ಪಡೆದ ದಾದಿಯರು ತಾವೇ ಅರ್ಜಿಯನ್ನು ಪರಿಶೀಲಿಸಿ ಔಷಧವನ್ನೂ ನೀಡಬಹುದು. ಮಂಗಳೂರು, ಬೆಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಹೊರಟವರು ಇಂದು ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿದ್ದಾರೆ. ಅವರಲ್ಲಿ ಯಾರೋ ಒಬ್ಬರ ಮುಂದೆ ಈ ಪ್ರಶ್ನೆ ಇಂದೂ ಬಂದಿರಬಹುದು. ಒಪ್ಪುವುದಕ್ಕೂ ಮಾಡುವುದಕ್ಕೂ ನಡುವಿನ ಅಂತರವನ್ನು ಬ್ರಿಟನ್ನಿನ ವೈದ್ಯರ ಸಂಘ 2020ರಲ್ಲಿ ತನ್ನ ಸದಸ್ಯರನ್ನು ಕೇಳಿದಾಗ ಅಂಕಿಗಳಲ್ಲೇ ಕಾಣಿಸಿತು. ಉತ್ತರಿಸಿದವರು 28 ಸಾವಿರಕ್ಕೂ ಹೆಚ್ಚು. ರೋಗಿ ತಾನೇ ಸೇವಿಸಬಹುದಾದ ಮಾರಕ ಔಷಧವನ್ನು ಬರೆದುಕೊಡಲು ಕಾನೂನು ಅವಕಾಶ ಕೊಡಬೇಕೆಂದು ವೈಯಕ್ತಿಕವಾಗಿ ನಂಬಿದವರು ಶೇ 50. ಕಾನೂನು ಬಂದರೆ ಅದರಲ್ಲಿ ತಾವೇ ಭಾಗವಹಿಸಲು ಸಿದ್ಧರಿದ್ದವರು ಶೇ 36. ಔಷಧವನ್ನು ತಮ್ಮ ಕೈಯಿಂದಲೇ ಕೊಡಲು ಸಿದ್ಧರಿದ್ದವರು ಶೇ 26. ಸಾಯುವವರ ನೋವು ತಗ್ಗಿಸುವುದನ್ನೇ ವೃತ್ತಿಯಾಗಿಸಿಕೊಂಡ ಉಪಶಾಮಕ ಚಿಕಿತ್ಸೆಯ ವೈದ್ಯರಲ್ಲಿ ಬಹುಪಾಲು ಜನ ಕಾನೂನನ್ನೇ ವಿರೋಧಿಸಿದರು. ಮರುವರ್ಷ ಸಂಘ ತನ್ನ ಹಳೆಯ ವಿರೋಧವನ್ನು ಬಿಟ್ಟು ತಟಸ್ಥ ನಿಲುವಿಗೆ ಬಂತು.

ಭಾರತಕ್ಕೆ ಸಕ್ರಿಯ ನೆರವಿನ ಕಾನೂನು ಬೇಕೇ? ತತ್ತ್ವದ ಮಟ್ಟದಲ್ಲಿ ಕರಿಬಸಮ್ಮನವರ ಬೇಡಿಕೆಯನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಇಂದಿನ ಸ್ಥಿತಿಯಲ್ಲಿ ಬೇಡವೆಂಬುದು ನನ್ನ ನಿಲುವು, ಇದಕ್ಕೆ ಕಾರಣ ಮಾರ್ಫಿನ್. 1985ರ ಮಾದಕವಸ್ತು ಕಾಯ್ದೆಯ ಬಿಗಿಯಲ್ಲಿ ಸಿಕ್ಕಿ ಭಾರತದ ಆಸ್ಪತ್ರೆಗಳಲ್ಲಿ ಮಾರ್ಫಿನ್ ಬಳಕೆ ಕೆಲವೇ ವರ್ಷಗಳಲ್ಲಿ ಪಾತಾಳಕ್ಕಿಳಿಯಿತು. ಅಫೀಮು ಬೆಳೆಯುವ ದೇಶದ ಕ್ಯಾನ್ಸರ್ ರೋಗಿಗಳು ಕಿರುಚುತ್ತ ಸತ್ತರು. 2014ರ ತಿದ್ದುಪಡಿ ಕಾಗದದ ಮೇಲೆ ಬಿಗಿಯನ್ನು ಸಡಿಲಿಸಿತಾದರೂ, ಒಂದು ತಲೆಮಾರಿನ ವೈದ್ಯರು ಆ ಮದ್ದನ್ನು ಬರೆಯಲು ಕಲಿಯದೆಯೇ ಹಿರಿಯರಾಗಿದ್ದರು. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಟ್ರಸ್ಟೊಂದು ನಡೆಸುವ ಕರುಣಾಶ್ರಯದಲ್ಲಿ ಕೊನೆಯ ಘಟ್ಟದ ಕ್ಯಾನ್ಸರ್ ರೋಗಿಗಳನ್ನು ಬಿಡಿಗಾಸೂ ಪಡೆಯದೆ ನೋಡಿಕೊಳ್ಳುತ್ತಾರೆ. ಅಂಥದು ಬೀದರಿನ ಹಳ್ಳಿಯವರಿಗೆ, ಮಲೆನಾಡಿನ ಕೂಲಿಯವರಿಗೆ ಎಟುಕುವಷ್ಟು ಹತ್ತಿರ ಇಲ್ಲದಿರುವಾಗ, ನೋವು ತಾಳಲಾರದೆ ಸಾವು ಬೇಡುವವರ ಬೇಡಿಕೆಯನ್ನು ಸ್ವಇಚ್ಛೆಯೆಂದು ಹೇಗೆ ಕರೆಯುವುದು? ಆಸ್ಪತ್ರೆಯ ಬಿಲ್ಲಿಗೆ ಹೊಲ ಮಾರಿದ ಮಗನ ಮುಖ ನೋಡುತ್ತ ಮಲಗಿರುವ ತಾಯಿಯ ‘ಸಾಕು ಮಗಾ’ ಎಂಬ ಮಾತನ್ನು ಯಾವ ಮಂಡಳಿ ತೂಗಬಲ್ಲದು? ತೂಗುವವರು ಯಾರಾದರೂ ಇದ್ದರೆ, ಮಗ ಕ್ಯಾಂಟೀನಿಗೆ ಹೋದಾಗ ಆ ತಾಯಿ ಏನು ಹೇಳಿದಳೆಂದು ಕೇಳಿಸಿಕೊಂಡ ದಾದಿ.

ಆದ್ದರಿಂದ ಕರ್ನಾಟಕ ಸರ್ಕಾರದ ಮುಂದೆ ನಾವಿಡುವ ಬೇಡಿಕೆ ಸಣ್ಣದು. ಮಂಡಳಿಗಳ ರಚನೆ ಸುಪ್ರೀಂ ಕೋರ್ಟಿನ ಆದೇಶದಲ್ಲಿರುವುದರಿಂದ ರಾಜ್ಯ ತಾನಾಗಿ ಅದಕ್ಕೆ ಮತದ ಹಕ್ಕಿರುವ ಏಳನೆಯವರನ್ನು ಸೇರಿಸಲಾರದು. ಆದರೆ ರೋಗಿಯನ್ನು ನೋಡಿಕೊಂಡ ದಾದಿಯ ಲಿಖಿತ ಟಿಪ್ಪಣಿಯನ್ನು ಮೊದಲ ಮಂಡಳಿ ಓದಿಯೇ ತೀರ್ಮಾನಿಸಬೇಕೆಂದು ಇನ್ನೊಂದು ಸುತ್ತೋಲೆಯಲ್ಲಿ ಹೇಳಲು ಯಾರ ಅಡ್ಡಿಯೂ ಇಲ್ಲ. ಯಂತ್ರವನ್ನು ಹಿಂತೆಗೆಯುವ ಕೆಲಸವನ್ನು ಯಾರು ಮಾಡಿದರು, ಯಾವ ವೈದ್ಯರ ಸಮ್ಮುಖದಲ್ಲಿ ಮಾಡಿದರು ಎಂಬುದು ದಾಖಲೆಯಲ್ಲಿರಬೇಕು. ಆ ದಾಖಲೆ ಅವರಿಗೆ ರಕ್ಷಣೆಯಾಗಬೇಕು. ಮನಸ್ಸೊಪ್ಪದವರು ಬೇಡವೆನ್ನಲು ಹಾದಿಯಿರಬೇಕು. ಸಿಂಗಪುರದ ಕಾಯ್ದೆಯಲ್ಲಿ ಒಪ್ಪದ ವೈದ್ಯರು ಮೊದಲೇ ತಮ್ಮ ಆಕ್ಷೇಪವನ್ನು ನೋಂದಾಯಿಸಬಹುದು. ನೀವು ನಿರ್ದೇಶನ ಬರೆದಿಟ್ಟಿದ್ದೀರಾ ಎಂದು ರೋಗಿಯನ್ನು ಕೇಳುವುದು ಇಲ್ಲಿನ ವೈದ್ಯರಿಗೂ ದಾದಿಯರಿಗೂ ನಿಷಿದ್ಧ. ಯಾರೂ ಒತ್ತಡಕ್ಕೊಳಗಾಗಬಾರದೆಂಬ ಎಚ್ಚರ ಅದರ ಹಿಂದಿದೆ. ಈ ಮೌನದಿಂದ ಎಷ್ಟೋ ಜನರಿಗೆ ಕಾಯ್ದೆಯ ಅರಿವೇ ಇಲ್ಲವೆಂಬ ದೂರೂ ಇದೆ. ಯಾವ ಕಾನೂನೂ ಸಿದ್ಧ ಅಡುಗೆಯಾಗಿ ಸಿಗುವುದಿಲ್ಲ.

ಅನಿವಾಸಿಗಳಾದ ನಾವು ಮಾಡಬಹುದಾದದ್ದು ಇನ್ನೂ ಸುಲಭ. ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅಮ್ಮಂದಿರನ್ನು ಕೇಳಬೇಕು. ಕೇಳುವುದು ಅಪಶಕುನವೆಂದು ಅವರಿಗಿಂತ ಹೆಚ್ಚಾಗಿ ನಮಗೆ ಅನ್ನಿಸುತ್ತದೆ. ನಾನು ಅಮ್ಮನನ್ನು ಕೇಳಿದಾಗ ಅವಳು ಹೂವಿನ ಎಸಳು ಬಿಡಿಸುತ್ತಿದ್ದಳು, ತಲೆಯೆತ್ತದೆ ‘ನಿಮ್ಮಪ್ಪಂಗೆ ಮಾಡಿದ ಹಾಗೆ ಮಾಡ್ಬೇಡಿ’ ಎಂದಳು. ಅದನ್ನು ಬರೆದು, ಪಕ್ಕದ ಮನೆಯ ಮೇಷ್ಟ್ರನ್ನೂ ಇನ್ನೊಬ್ಬರನ್ನೂ ಸಾಕ್ಷಿಗೆ ಕರೆದುಕೊಂಡು ಹೋಗಿ ತೀರ್ಥಹಳ್ಳಿಯಲ್ಲಿ ನೋಟರಿಯ ಮುದ್ರೆ ಹಾಕಿಸಿದೆವು. ನೋಟರಿಯವರು ಇಂಥದ್ದನ್ನು ಮೊದಲ ಸಲ ನೋಡುತ್ತಿದ್ದರು. ಜಮೀನಿನ ಕಾಗದವೆಂದು ತಿಳಿದು ಸರ್ವೆ ನಂಬರ್ ಕೇಳಿದರು.

ಮುಂದಿನ ಸಂಚಿಕೆಯ ಒಂದು ಭಾಗವನ್ನು ನಾವು ಶುಶ್ರೂಷೆಯಲ್ಲಿ ದುಡಿದವರ ಬರಹಗಳಿಗೆ ಮೀಸಲಿಡುತ್ತಿದ್ದೇವೆ. ಟೊರಾಂಟೊ, ಮೆಲ್ಬರ್ನ್, ಲಂಡನ್, ದುಬೈ, ಸಿಂಗಪುರ, ಇಲ್ಲವೇ ಊರಿನ ತಾಲ್ಲೂಕು ಆಸ್ಪತ್ರೆ, ಎಲ್ಲಿಯವರಾದರೂ ಸರಿ. ಕನ್ನಡದಲ್ಲಿ ಬರೆದು ಅಭ್ಯಾಸವಿಲ್ಲದವರು ಮಾತಿನಲ್ಲಿ ಹೇಳಿದರೆ ನಾವು ಬರೆದುಕೊಳ್ಳುತ್ತೇವೆ. ಕಾನೂನು ಬೇಕೆನ್ನುವವರೂ ಬೇಡವೆನ್ನುವವರೂ ಬರೆಯಲಿ. ಹೆಸರು ಬೇಡವೆಂದವರ ಹೆಸರು ನಮ್ಮಲ್ಲಿಯೇ ಉಳಿಯುತ್ತದೆ. 2019ರ ಮಳೆಗಾಲದಲ್ಲಿ ತೀರ್ಥಹಳ್ಳಿಯ ಕಡೆಗೆ ಆಂಬುಲೆನ್ಸಿನಲ್ಲಿ ಹೋಗಿ, ಕಾಫಿ ಕುಡಿಯದೆ ಮರಳಿದವರು ಇದನ್ನು ಓದುವಂತಾದರೆ, ಅವರೂ.